ಹತ್ತು ಕೋಟಿ ತಿದ್ದುಪಡಿ, ಒಂದೇ ಅಕ್ಷರ

ತಂದೆಯಿಂದಲೋ ತಾಯಿಯಿಂದಲೋ ಬಂದ ಡಿಎನ್‌ಎಯ ಒಂದು ಪ್ರತಿಯಲ್ಲೇ ಸುಮಾರು 300 ಕೋಟಿ ಅಕ್ಷರಗಳಿವೆ. ಹಿಪ್ಪರಗಿ ಬ್ಯಾರೇಜಿನ ದಂಡೆಯ ಮೇಲೆ ಕುಳಿತು ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಓದುತ್ತ ಹೋದರೂ ಮುಗಿಯಲು 95 ವರ್ಷ ಬೇಕು.

ಈ ಬರಹದಲ್ಲಿ ಬೇಕಾದಷ್ಟು ಭಾಗ ಆರ್‌ಎನ್‌ಎಗೆ ನಕಲಾಗುತ್ತದೆ. ಆ ನಕಲನ್ನು ಅಡಾರ್ ಎಂಬ ಕಿಣ್ವಗಳು ತಿದ್ದುತ್ತವೆ. 'ಎ' ಅಕ್ಷರದಿಂದ ಒಂದು ಅಮೈನೋ ಗುಂಪು ಕಿತ್ತರೆ ಅದು 'ಐ' ಆಗುತ್ತದೆ. ಜೀವಕೋಶ ಅದನ್ನು 'ಜಿ' ಎಂದೇ ಓದಿಕೊಳ್ಳುತ್ತದೆ. ರಬಕವಿ-ಬನಹಟ್ಟಿಯ ನೇಕಾರರಿಗೆ ಹೇಳುವುದಾದರೆ, ಡಿಸೈನಿನ ಕಾರ್ಡು ಇದ್ದ ಹಾಗೇ ಇದೆ, ಮಗ್ಗದ ಮೇಲೆ ಹೊಕ್ಕಿನ ಒಂದು ಎಳೆಯ ಬಣ್ಣ ಬದಲಾಗಿದೆ. ಡಿಎನ್‌ಎ ಪರೀಕ್ಷೆಗೆ ಇದು ಸಿಗುವುದೇ ಇಲ್ಲ.

ಹೀಗೆ ತಿದ್ದುಪಡಿಯಾಗಬಲ್ಲ ತಾಣಗಳು 10 ಕೋಟಿಗೂ ಹೆಚ್ಚು ಎಂದು 2014ರ ಒಂದು ಅಂದಾಜು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6.11 ಕೋಟಿ! ಬಹುಪಾಲು ತಾಣಗಳಿರುವುದು 'ಆಲು' ಎಂಬ ತುಣುಕುಗಳಲ್ಲಿ. ಒಂದೊಂದೂ ಸುಮಾರು 300 ಅಕ್ಷರದ್ದು, 10 ಲಕ್ಷಕ್ಕೂ ಹೆಚ್ಚು ಸಲ ಮರುಕಳಿಸುವಂಥದ್ದು. ದೇಹ ತನ್ನದೇ ಆರ್‌ಎನ್‌ಎಯನ್ನು ವೈರಸ್ಸಿನದೆಂದು ತಿಳಿದು ಮೇಲೆ ಬೀಳದಂತೆ ಅಲ್ಲಿನ ತಿದ್ದುಪಡಿ ಕಾಯುತ್ತದೆ.

ಈ ಕೋಟಿಗಳಿಗಿಂತ ನನ್ನನ್ನು ಹೆಚ್ಚು ನಡುಗಿಸುವುದು ಒಂದೇ ಒಂದು ಅಕ್ಷರ. ಅಜಿನ್1 ಎಂಬ ಪ್ರೋಟೀನಿನಲ್ಲಿ 448 ಅಮೈನೋ ಆಮ್ಲಗಳಿವೆ, 367ನೆಯದು ಸೆರೀನ್. ಆರ್‌ಎನ್‌ಎಯ ಒಂದು 'ಎ' ತಿದ್ದಿದರೆ ಆ ಜಾಗಕ್ಕೆ ಗ್ಲೈಸೀನ್ ಬಂದು ಕೂರುತ್ತದೆ. ಆಗ ಈ ಪ್ರೋಟೀನು, ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಆಂಟಿಝೈಮನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕೋಶಗಳು ತಡೆಯಿಲ್ಲದೆ ಹೆಚ್ಚುತ್ತವೆ. ಯಕೃತ್ತಿನ ಕ್ಯಾನ್ಸರಿನಲ್ಲಿ ಇದು ನಡೆಯುತ್ತದೆಂದು 2013ರಲ್ಲಿ ಸಂಶೋಧಕರು ತೋರಿಸಿದರು.

2015ರಲ್ಲಿ 17 ಬಗೆಯ ಕ್ಯಾನ್ಸರಿನ 6,236 ಮಾದರಿಗಳನ್ನು ಜಾಲಾಡಿದರು. ತಲೆ-ಕುತ್ತಿಗೆ, ಸ್ತನ, ಥೈರಾಯ್ಡ್ ಗಡ್ಡೆಗಳಲ್ಲಿ ತಿದ್ದುಪಡಿ ಹೆಚ್ಚು, ಮೂತ್ರಪಿಂಡದ ಕೆಲವು ಗಡ್ಡೆಗಳಲ್ಲಿ ಕಡಿಮೆ. ಕೆಲವು ತಾಣಗಳಲ್ಲಿ ತಿದ್ದುಪಡಿಯ ಪ್ರಮಾಣಕ್ಕೂ ರೋಗಿಗಳು ಬದುಕಿದ ಅವಧಿಗೂ ನಂಟು ಕಂಡಿತು. ನಂಟು ಕಂಡ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. ಮೇಲಾಗಿ ಆ ಮಾದರಿಗಳಲ್ಲಿ ಹೆಚ್ಚಿನವು ಅಮೆರಿಕದವು. ತಂಬಾಕು ಅಗಿಯುವ ನಮ್ಮ ಸೀಮೆಯ ಬಾಯಿ ಕ್ಯಾನ್ಸರಿಗೆ ಅದೇ ಲೆಕ್ಕ ಹಚ್ಚಲಾಗದು. ಬೆಂಗಳೂರಿನ ಕಿದ್ವಾಯಿಯಲ್ಲಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಮ್ಮ ಜನರ ಮಾದರಿಗಳ ಮೇಲೆ ಈ ಎಣಿಕೆ ನಡೆಯಬೇಕು. ಅಲ್ಲಿಯವರೆಗೆ, ಬಾಯಲ್ಲಿ ಎರಡು-ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ಜಮಖಂಡಿಯಲ್ಲೋ ಮುಧೋಳದಲ್ಲೋ ಡಾಕ್ಟರಿಗೆ ತೋರಿಸಿ. ಸುಗ್ಗಿ ಮುಗಿಯಲೆಂದು ಕಾಯಬೇಡಿ.