ಕಟ್ಟಿನಲ್ಲಿ ಬರುವ ಮಂಟಪ

ಇಂಗ್ಲೆಂಡಿನ ಹಿತ್ತಿಲುಗಳಲ್ಲಿ ಕಾಣುವ ಮರದ ಮಂಟಪಗಳಲ್ಲಿ ಎಷ್ಟೋ ಮನೆಯವರೇ ನಿಲ್ಲಿಸಿದಂಥವು. ಕಂಬ, ತೊಲೆ, ಹಲಗೆ, ಬೋಲ್ಟುಗಳೆಲ್ಲ ಅಳತೆಗೆ ಸಿದ್ಧವಾಗಿ ಕಟ್ಟಿನಲ್ಲಿ ಬರುತ್ತವೆ. ಜೋಡಿಸುವುದಷ್ಟೇ ಉಳಿದ ಕೆಲಸ. ಈ ಪದ್ಧತಿ ಹೊಸದೇನೂ ಅಲ್ಲ. 1830ರ ದಶಕದಲ್ಲಿಯೇ ಲಂಡನ್ನಿನ ಬಡಗಿ ಮ್ಯಾನಿಂಗ್ ಎಂಬಾತನು ಇಡೀ ಮರದ ಮನೆಗಳನ್ನೇ ಬಿಡಿಭಾಗಗಳಾಗಿ ಮಾಡಿ, ಆಸ್ಟ್ರೇಲಿಯಕ್ಕೆ ವಲಸೆ ಹೋಗುವವರಿಗೆ ಮಾರುತ್ತಿದ್ದನು.

ಆದರೆ ಕಟ್ಟಿನಲ್ಲಿ ಎಲ್ಲವೂ ಬಂದೀತು, ನೆಲವೊಂದು ಬಾರದು! ನೆಲ ಮಟ್ಟವಾಗಿಲ್ಲದಿದ್ದರೆ ಬುಡದಲ್ಲಿ ಕಾಣದಿದ್ದ ಓರೆ ಮಾಡಿನ ಹೊತ್ತಿಗೆ ಕಣ್ಣಿಗೆ ಹೊಡೆಯುತ್ತದೆ. ತೂತಿಗೆ ತೂತು ಕೂಡದು. ಮೂಲೆ ನೇರವೇ ಎಂದರಿಯಲು ಶಾಲೆಯ ರೇಖಾಗಣಿತವೇ ಸಾಕು: ಮೂಲೆಯಿಂದ ಒಂದು ಪಕ್ಕಕ್ಕೆ 3 ಅಡಿ, ಮತ್ತೊಂದಕ್ಕೆ 4 ಅಡಿ ಗುರುತಿಸಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಇರಬೇಕು. ಮಂಟಪ ಪೂರ್ತಿ ನಿಲ್ಲುವವರೆಗೆ ಬೋಲ್ಟುಗಳನ್ನು ಸಡಿಲವಾಗಿಯೇ ಬಿಡುವುದು ಜಾಣತನ.

ಮಣ್ಣು ತಾಗಿದ ಮರ ಬೇಗ ಕೊಳೆಯುತ್ತದೆ. ಆದುದರಿಂದ ಕಂಬಗಳಿಗೆ ಲೋಹದ ಪಾದ ಬೇಕು. ಆ ಪಾದಗಳನ್ನು ಕಾಂಕ್ರೀಟಿಗೆ ಭದ್ರವಾಗಿ ಬಿಗಿಯದೆ ಬಿಡಬಾರದು. ಗೋಡೆಯಿಲ್ಲದ ಮಂಟಪದಲ್ಲಿ ಬಿರುಗಾಳಿ ಮಾಡಿನಡಿಗೆ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ. ಕುಸಿಯುವ ಭಯಕ್ಕಿಂತ ಹಾರುವ ಭಯವೇ ಇಲ್ಲಿ ದೊಡ್ಡದು. ನೆರಳಿನಲ್ಲಿ ಮಕ್ಕಳನ್ನು ಆಡಲು ಬಿಡುವ ಮುನ್ನ ತಂದೆತಾಯಿಯರು ಒಮ್ಮೆ ಬಗ್ಗಿ ಆ ನಾಲ್ಕು ಪಾದಗಳನ್ನು ನೋಡಿಕೊಳ್ಳಲಿ.