ಹಳೆಯ ಲಾರಿಯ ಮೂಲ ಬಣ್ಣ

ಹಳೆಯ ಲಾರಿಯ ಜೀರ್ಣೋದ್ಧಾರಕ್ಕೆ ಹೊರಟವರು ಬಣ್ಣವನ್ನೆಲ್ಲ ಕೆರೆದುಹಾಕುವ ಮೊದಲು ತುಸು ತಡೆಯಬೇಕು. ಒಮ್ಮೆ ಕೆರೆದರೆ ಸಾಕ್ಷ್ಯವು ಮತ್ತೆ ದೊರೆಯದು. 1947ರ ಕೊನೆಯಲ್ಲಿ ಅಮೆರಿಕದಲ್ಲಿ ತಯಾರಾದ ಷೆವ್ರೊಲೆ ಲಾರಿಯೊಂದನ್ನು ನೋಡೋಣ. ಬೇರೆ ಬಣ್ಣವನ್ನು ಕೇಳದ ಗ್ರಾಹಕನಿಗೆ ಕಾರ್ಖಾನೆಯು ಅಂದು ಕೊಡುತ್ತಿದ್ದುದು ಕಡುಹಸಿರು. ಇಂದು ಆ ಲಾರಿ ಕೆಂಪಾಗಿದ್ದರೆ, ಆ ಕೆಂಪು ಮೂಲದ್ದೇ, ಅನಂತರ ಬಳಿದುದೇ?

ಉತ್ತರವು ಬಣ್ಣದ ಪದರಗಳಲ್ಲಿಯೇ ಅಡಗಿದೆ. ಆಸನದ ಹಿಂಬದಿಯಂತಹ, ಬಿಸಿಲು ಸೋಕದ ಎಡೆಯನ್ನು ಆರಿಸಿ, ನೀರು ಸಹಿಸುವ ನಯವಾದ ಉಪ್ಪುಕಾಗದದಿಂದ ಒದ್ದೆಯಾಗಿಯೇ ವೃತ್ತಾಕಾರವಾಗಿ ಉಜ್ಜಬೇಕು. ಆಗ ಕೊಯ್ದ ಮರದ ಕಾಂಡದಲ್ಲಿರುವಂತೆ ಪದರಗಳು ಬಳೆಬಳೆಯಾಗಿ ತೋರುತ್ತವೆ. ನಡುವೆ ಉಕ್ಕು, ಅದರ ಸುತ್ತ ಪ್ರೈಮರ್. ಪ್ರೈಮರಿಗೆ ಹೊಂದಿಕೊಂಡ ಮೊದಲ ಬಣ್ಣವೇ ಕಾರ್ಖಾನೆಯದು. ಬಾಗಿಲು ಮೊದಲಾದ ಭಾಗಗಳನ್ನು ನಡುವೆ ಬದಲಿಸಿರಬಹುದಾದುದರಿಂದ ಹಲವು ಕಡೆ ಪರೀಕ್ಷಿಸುವುದು ಲೇಸು. ಹಳೆಯ ಬಣ್ಣಗಳಲ್ಲಿ ಸೀಸವಿರುವುದುಂಟು. ಆದುದರಿಂದ ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು.

ಬಿಸಿಲಿಗೆ ಒಡ್ಡಿದ ಬಣ್ಣವನ್ನು ನಂಬಬಾರದೇಕೆ? ಅತಿನೇರಳೆ ಕಿರಣಗಳು ವರ್ಣದ ಕಣಗಳನ್ನು ಹಿಡಿದಿಡುವ ಅಂಟನ್ನು ಒಡೆಯುತ್ತವೆ. ಮೇಲ್ಮೈ ಸೀಮೆಸುಣ್ಣದಂತೆ ಪುಡಿಯಾಗಿ ಬೆಳ್ಳಗಾಗುತ್ತದೆ. ಕತ್ತಲೆಯಲ್ಲಿದ್ದ ಎನಾಮಲ್ಲಾದರೋ ತುಸು ಹಳದಿಗೂಡುತ್ತದೆ. ಎರಡನ್ನೂ ಅರಿತೇ ನಿರ್ಣಯಿಸಬೇಕು. ಕೊನೆಗೆ ಅಂಗೈಯಗಲದಷ್ಟು ಹಳೆಯ ಬಣ್ಣವನ್ನು ಹಾಗೆಯೇ ಉಳಿಸಿದರೆ, ಅದು ಮುಂದಿನವರಿಗೂ ಸಾಕ್ಷಿಯಾದೀತು.