ಒಬ್ಬ ವೀರನೋ, ಐವರ ತಂಡವೋ?

ಕಳೆದ ವರ್ಷದ ಅಂತರಶಾಲಾ ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ನಮ್ಮ ಶಾಲೆಯ ತಂಡವು ಮೊದಲನೆಯ ಸುತ್ತಿನಲ್ಲಿಯೇ ಸೋತು ಹಿಂದಿರುಗಿದುದನ್ನು ನೀವೆಲ್ಲರೂ ಬಲ್ಲಿರಿ. ತಂಡದಲ್ಲಿ ಎಲ್ಲರಿಗಿಂತ ಎತ್ತರದ, ಎಲ್ಲರಿಗಿಂತ ಚುರುಕಾದ ಹುಡುಗನೊಬ್ಬನಿದ್ದನು. "ಚೆಂಡು ಸಿಕ್ಕೊಡನೆ ಅವನ ಕೈಗೆ ಕೊಡಿರಿ" ಎಂದು ಉಳಿದ ನಾಲ್ವರಿಗೆ ಹೇಳಿಕೊಟ್ಟವರು ನಾವೇ. ಮೊದಲ ಕೆಲವು ನಿಮಿಷ ಆ ಉಪಾಯವು ಫಲಿಸಿತು. ಆಮೇಲೆ ಎದುರಾಳಿಗಳಲ್ಲಿ ಇಬ್ಬರು ಅವನನ್ನು ಬಿಡದೆ ಕಾಯತೊಡಗಿದರು. ಉಳಿದವರು ಏನು ಮಾಡಬೇಕೆಂದು ತೋಚದೆ ನಿಂತುಬಿಟ್ಟರು. ಲೋಕಲ್ ಗಾಡಿಯಲ್ಲಿ ಹಿಂದಿರುಗುವಾಗ ಸೋಲಿನ ದೂರೆಲ್ಲವೂ ಆ ಒಬ್ಬನ ಮೇಲೆಯೇ ಬಿದ್ದಿತು. ಅಂದಿನಿಂದ ಅವನು ಆಟದ ಅಂಗಳಕ್ಕೆ ಇಳಿದಿಲ್ಲ. ತಪ್ಪು ನಿಜವಾಗಿ ಯಾರದು? ಒಬ್ಬ ವೀರನನ್ನು ನಂಬಿ ತಂಡ ಕಟ್ಟುವುದು ಲೇಸೋ, ಐವರ ಬಲವನ್ನೂ ಹೊಂದಿಸಿ ಕಟ್ಟುವುದು ಲೇಸೋ? ಇದನ್ನು ಇಲ್ಲಿ ವಿವೇಚಿಸೋಣ.

ಬಾಸ್ಕೆಟ್‌ಬಾಲ್ ಆಟವು 1891ನೆಯ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿತು. ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ಅನುಕೂಲವಾಗುವಂತೆ ಇದನ್ನು ರೂಪಿಸಿದರು. ನೆಲದಿಂದ 10 ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ, ಪಕ್ಷಕ್ಕೆ 9 ಮಂದಿಯಂತೆ ಆಡಿಸಿದರು. ಮುಂದೆ ಪಕ್ಷಕ್ಕೆ 5 ಮಂದಿ ಎಂಬ ನಿಯಮವು ನೆಲೆಗೊಂಡಿತು. ಈ ಐವರಲ್ಲಿ ಇಬ್ಬರು ಗಾರ್ಡುಗಳು ಚೆಂಡನ್ನು ಮುಂದೆ ತಂದು ಆಟವನ್ನು ನಡೆಸುತ್ತಾರೆ. ಇಬ್ಬರು ಫಾರ್ವರ್ಡುಗಳು ಎರಡು ಬದಿಗಳಿಂದ ನುಗ್ಗುತ್ತಾರೆ. ಸೆಂಟರ್ ಎನ್ನಿಸಿಕೊಳ್ಳುವ ಎತ್ತರದ ಆಟಗಾರನು ಬುಟ್ಟಿಯ ಬಳಿ ನಿಂತು, ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುತ್ತಾನೆ. ಕ್ರಿಕೆಟ್ಟಿನಲ್ಲಿ ಹನ್ನೊಂದು ಮಂದಿಯಿದ್ದರೂ ಬ್ಯಾಟು ಹಿಡಿದವನು ಚೆಂಡನ್ನು ಒಬ್ಬನೇ ಎದುರಿಸುತ್ತಾನೆ. ಇಲ್ಲಿ ಹಾಗಲ್ಲ. ಚೆಂಡು ಒಬ್ಬನ ಕೈಯಲ್ಲಿರುವಾಗ ಉಳಿದ ನಾಲ್ವರಿಗೂ ಆ ಕ್ಷಣದಲ್ಲಿಯೇ ಕೆಲಸವುಂಟು.

ಆಟಗಾರರು ಐವರೇ ಆದುದರಿಂದ ಒಬ್ಬ ಅಸಾಧಾರಣನು ಪಂದ್ಯದ ಗತಿಯನ್ನೇ ಬದಲಿಸಬಲ್ಲನು. ಅಂತಹವನ ಸುತ್ತಲೂ ತಂಡ ಕಟ್ಟುವ ಆಸೆ ಹುಟ್ಟುವುದು ಸಹಜ. ಆದರೆ ಇಲ್ಲೊಂದು ಸರಳವಾದ ಲೆಕ್ಕವಿದೆ. ಎದುರು ಪಕ್ಷದ ಐವರಲ್ಲಿ ಇಬ್ಬರು ಒಬ್ಬನನ್ನೇ ಕಾಯಲು ಹೊರಟರೆ, ಉಳಿದ ಮೂವರು ನಮ್ಮ ನಾಲ್ವರನ್ನು ಕಾಯಬೇಕಾಗುತ್ತದೆ. ಅಂದರೆ ನಮ್ಮವನೊಬ್ಬನು ಬಿಡುವಾಗಿರುತ್ತಾನೆ. ಕಾಲಿಗಿಂತ ಚೆಂಡಿನ ವೇಗ ಹೆಚ್ಚು. ಚೆಂಡನ್ನು ತಡಮಾಡದೆ ದಾಟಿಸಿದರೆ ಎದುರಾಳಿಯು ಓಡಿಬರುವುದರೊಳಗೆ ಅದು ಬಿಡುವಾಗಿರುವವನ ಕೈ ಸೇರಿರುತ್ತದೆ. ಅವನಿಗೆ ಗುರಿಯಿಟ್ಟು ಎಸೆಯಲು ಬಂದರೆ ಇಬ್ಬರ ಕಾವಲು ಎದುರಾಳಿಗೇ ನಷ್ಟ. ಬಾರದಿದ್ದರೆ ವೀರನು ಎಷ್ಟೇ ಸಮರ್ಥನಾಗಿದ್ದರೂ ಬಲೆಯಲ್ಲಿ ಸಿಕ್ಕಂತೆಯೇ.

ಈ ಮಾತಿಗೆ ನಿದರ್ಶನಗಳನ್ನು ಆಟದ ತವರಾದ ಅಮೆರಿಕದಲ್ಲಿಯೇ ನೋಡಬಹುದು. ಎನ್.ಬಿ.ಎ. ಎಂಬುದು ಅಲ್ಲಿನ ವೃತ್ತಿ ಆಟಗಾರರ ಸಂಸ್ಥೆ. ಅದರ ಪಂದ್ಯವೊಂದರಲ್ಲಿ, 1962ನೆಯ ಮಾರ್ಚ್ 2ರಂದು, ಫಿಲಡೆಲ್ಫಿಯಾ ತಂಡದ ವಿಲ್ಟ್ ಚೇಂಬರ್ಲೇನ್ ಒಬ್ಬನೇ 100 ಅಂಕಗಳನ್ನು ಗಳಿಸಿದನು. ಆ ಋತುವಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 50.4 ಅಂಕಗಳು. ಆದರೂ ಆ ವರ್ಷದ ಪ್ರಶಸ್ತಿ ಅವನ ತಂಡಕ್ಕೆ ದೊರೆಯಲಿಲ್ಲ. ಬಾಸ್ಟನ್ ಸೆಲ್ಟಿಕ್ಸ್ ತಂಡವು ಏಳು ಪಂದ್ಯಗಳ ಹೋರಾಟದ ಕೊನೆಯದರಲ್ಲಿ 109-107ರಿಂದ ಅವರನ್ನು ಸೋಲಿಸಿ, ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. ಆ ಬಾಸ್ಟನ್ ತಂಡದಲ್ಲಿ ಅಂಕಗಳು ಹಲವರ ಕೈಯಿಂದ ಬರುತ್ತಿದ್ದವು. ಅದರ ಸೆಂಟರ್ ಬಿಲ್ ರಸೆಲ್ಲನ ಹಿರಿಮೆಯಿದ್ದುದು ಅಂಕಗಳಿಕೆಗಿಂತ ಹೆಚ್ಚಾಗಿ ರಕ್ಷಣೆಯಲ್ಲಿ, ಪುಟಿದ ಚೆಂಡನ್ನು ಹಿಡಿಯುವುದರಲ್ಲಿ. ಅವನು ಆಡಿದ 13 ಋತುಗಳಲ್ಲಿ ಅವನ ತಂಡವು 11 ಬಾರಿ ಪ್ರಶಸ್ತಿಯನ್ನು ಪಡೆಯಿತು.

ಹಾಗಾದರೆ ಚೇಂಬರ್ಲೇನನು ಸ್ವಾರ್ಥಿಯಾಗಿದ್ದನೆಂದು ತೀರ್ಮಾನಿಸಬಹುದೇ? ಅವಸರ ಬೇಡ. ಐದು ವರ್ಷಗಳ ಬಳಿಕ, 1966-67ರ ಋತುವಿನಲ್ಲಿ, ಅದೇ ಆಟಗಾರನು ಫಿಲಡೆಲ್ಫಿಯಾದ ಇನ್ನೊಂದು ತಂಡದಲ್ಲಿದ್ದನು. ಅಲ್ಲಿ ಅವನ ಜೊತೆಗೆ ಚೆನ್ನಾಗಿ ಗುರಿಯಿಡಬಲ್ಲ ಹಲವರಿದ್ದರು. ಅವನ ಸರಾಸರಿ 24.1 ಅಂಕಗಳಿಗೆ ಇಳಿಯಿತು. ಆದರೆ ಪ್ರತಿ ಪಂದ್ಯದಲ್ಲಿಯೂ ಅವನು ದಾಟಿಸಿದ ಚೆಂಡಿನಿಂದ ಇತರರು ಸುಮಾರು ಎಂಟು ಸಲ ಬುಟ್ಟಿ ತುಂಬಿದರು. ಆ ತಂಡವು 81 ಪಂದ್ಯಗಳಲ್ಲಿ 68ನ್ನು ಗೆದ್ದು, ಎಂಟು ವರ್ಷ ಎಡೆಬಿಡದೆ ಪ್ರಶಸ್ತಿ ಪಡೆದಿದ್ದ ಬಾಸ್ಟನ್ನನ್ನು ಮಣಿಸಿ, ತಾನೇ ಪ್ರಶಸ್ತಿ ಗಳಿಸಿತು. ಬದಲಾದುದು ಅವನ ಶಕ್ತಿಯಲ್ಲ. ಆ ಶಕ್ತಿಯನ್ನು ಬಳಸಿಕೊಂಡ ಬಗೆ.

ಮೈಕಲ್ ಜಾರ್ಡನ್ನನ ಕಥೆಯೂ ಇದನ್ನೇ ಹೇಳುತ್ತದೆ. 1986ನೆಯ ಏಪ್ರಿಲಿನಲ್ಲಿ ಅವನು ಬಾಸ್ಟನ್ನಿನ ವಿರುದ್ಧ ಒಂದೇ ಪಂದ್ಯದಲ್ಲಿ 63 ಅಂಕಗಳನ್ನು ಗಳಿಸಿದರೂ ಅವನ ಶಿಕಾಗೋ ಬುಲ್ಸ್ ತಂಡವು ಸೋತಿತು. 1997ನೆಯ ಅಂತಿಮ ಸರಣಿಯ ಆರನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಎರಡೂ ಪಕ್ಷಗಳ ಅಂಕಗಳು 86ಕ್ಕೆ ಸಮನಾಗಿದ್ದವು. ಎಲ್ಲರ ಕಣ್ಣೂ ಜಾರ್ಡನ್ನನ ಮೇಲೆ. ಇಬ್ಬರು ಎದುರಾಳಿಗಳು ಅವನನ್ನು ಮುತ್ತಿದರು. ಅವನು ಚೆಂಡನ್ನು ಬಿಡುವಾಗಿ ನಿಂತಿದ್ದ ಸ್ಟೀವ್ ಕರ್ ಎಂಬ ಜೊತೆಗಾರನಿಗೆ ದಾಟಿಸಿದನು. ಕರ್ ಎಸೆದ ಚೆಂಡು ನೇರವಾಗಿ ಬುಟ್ಟಿಗೆ ಬಿದ್ದಿತು. ಪ್ರಶಸ್ತಿ ಶಿಕಾಗೋದ ಪಾಲಾಯಿತು. ಮೇಲೆ ಹೇಳಿದ ಲೆಕ್ಕವೇ ಅಲ್ಲಿ ಕಣ್ಣಿಗೆ ಕಟ್ಟುವಂತೆ ನಡೆಯಿತು.

ಹೆಸರಾಂತ ವೀರರನ್ನು ಒಟ್ಟುಗೂಡಿಸಿದ ಮಾತ್ರಕ್ಕೆ ತಂಡವಾಗುವುದೇ? 2004ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡದಲ್ಲಿ ಶಕೀಲ್ ಓನೀಲ್, ಕೋಬಿ ಬ್ರಯಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಎಂಬ ನಾಲ್ವರು ಪ್ರಖ್ಯಾತರಿದ್ದರು. ಅಂತಿಮ ಸರಣಿಯಲ್ಲಿ ಅವರಿಗೆ ಎದುರಾದ ಡೆಟ್ರಾಯಿಟ್ ಪಿಸ್ಟನ್ಸ್ ತಂಡದಲ್ಲಿ ಅಷ್ಟು ದೊಡ್ಡ ಹೆಸರಿನವರಾರೂ ಇರಲಿಲ್ಲ; ಆದರೆ ಐವರೂ ತಮ್ಮ ತಮ್ಮ ಕೆಲಸವನ್ನು ಬಲ್ಲವರು, ರಕ್ಷಣೆಯಲ್ಲಿ ಒಬ್ಬರಿಗೊಬ್ಬರು ಒದಗುವವರು. ಅವರು 4-1ರಿಂದ ಗೆದ್ದರು. ಆದರೂ ಇಂತಹ ಉದಾಹರಣೆಗಳು ವಿರಳವೆಂಬುದನ್ನು ಒಪ್ಪಲೇಬೇಕು. ಪ್ರಶಸ್ತಿ ಗೆದ್ದ ತಂಡಗಳಲ್ಲಿ ಬಹುಪಾಲಿನವುಗಳಲ್ಲಿ ಒಬ್ಬನಾದರೂ ಅಸಾಮಾನ್ಯನಿದ್ದೇ ಇರುತ್ತಾನೆ. ಆದುದರಿಂದ ವೀರನು ಬೇಡವೆನ್ನುವುದು ವಿವೇಕವಲ್ಲ. ವೀರನ ಜೊತೆಗೆ ನಿಲ್ಲುವ ನಾಲ್ವರನ್ನೂ ಸಿದ್ಧಪಡಿಸುವುದು ವಿವೇಕ.

ಐದು ಬೆರಳೂ ಒಂದೇ ಸಮನಾಗಿರುವುದಿಲ್ಲವೆಂದು ನಮ್ಮ ಹಿರಿಯರು ಹೇಳುವುದುಂಟು. ಆದರೆ ತುತ್ತನ್ನು ಕಲಸಿ ಎತ್ತುವಾಗ ಐದೂ ಕೂಡಬೇಕು. ಹೆಬ್ಬೆರಳಿಗೆ ಬಲ ಹೆಚ್ಚೆಂದು ಅದೊಂದರಿಂದಲೇ ಉಣ್ಣಲು ಬರುವುದಿಲ್ಲ. ತುತ್ತು ಜಾರಿದರೆ ಅದೊಂದನ್ನೇ ಬಯ್ಯುವುದೂ ಸಲ್ಲದು. ತಂಡದಲ್ಲಿ ಸಮತೋಲವೆಂದರೆ ಎಲ್ಲರೂ ಸಮಾನರಾಗಿರುವುದಲ್ಲ. ಪ್ರತಿಯೊಬ್ಬನ ಕೆಲಸವೂ ಮತ್ತೊಬ್ಬನ ಕೆಲಸಕ್ಕೆ ಒದಗುವಂತಿರುವುದು.

ಈ ಬೆಳಕಿನಲ್ಲಿ ಕಳೆದ ವರ್ಷದ ಸೋಲನ್ನು ನೋಡಿದರೆ ತಪ್ಪು ಆ ಹುಡುಗನದಲ್ಲ. ಉಳಿದ ನಾಲ್ವರದೂ ಪೂರ್ತಿಯಾಗಿ ಅಲ್ಲ. ಬಿಡುವಾದಾಗ ಏನು ಮಾಡಬೇಕೆಂಬುದನ್ನು ಅವರಿಗೆ ನಾವು ಕಲಿಸಿಯೇ ಇರಲಿಲ್ಲ. ಐವರು ಹೊರಬೇಕಾದ ಹೊರೆಯನ್ನು ಒಬ್ಬನ ಹೆಗಲಿಗೆ ಏರಿಸಿ, ಅವನು ಕುಸಿದಾಗ ಅವನನ್ನೇ ದೂರುವುದಕ್ಕೆ ಎಡೆಗೊಟ್ಟೆವು. ಈ ಮಾತನ್ನು ಅವನ ಮುಂದೆ ಅಂದೇ ಹೇಳಬೇಕಾಗಿತ್ತು. ತಡವಾಗಿಯಾದರೂ ಇಲ್ಲಿ ಹೇಳುತ್ತಿದ್ದೇವೆ.

ನಮ್ಮದು ದೊಡ್ಡ ಶಾಲೆಯಲ್ಲ. ಈ ಮಹಾನಗರದಲ್ಲಿ ಕನ್ನಡದಲ್ಲಿ ಓದುವ ಮಕ್ಕಳು ಕೆಲವರೇ. ಅವರಲ್ಲಿ ಒಬ್ಬನನ್ನು ಕಳೆದುಕೊಳ್ಳುವುದೂ ನಮಗೆ ಸಣ್ಣ ನಷ್ಟವಲ್ಲ. ಮುಂದಿನ ತಿಂಗಳಿಂದ ಅಭ್ಯಾಸ ಆರಂಭವಾಗುವಾಗ ಐವರಿಗೂ ಚೆಂಡೆಸೆಯುವುದನ್ನು, ದಾಟಿಸುವುದನ್ನು, ಒಬ್ಬರಿಗೊಬ್ಬರು ಒದಗುವುದನ್ನು ಮೊದಲಿನಿಂದ ಕಲಿಸುವೆವು. ಅದಕ್ಕಿಂತ ಮುಂಚೆ ನೀವು ಮಾಡಬೇಕಾದ ಕೆಲಸವೊಂದಿದೆ: ಆ ಹುಡುಗನ ಮನೆಗೆ ಹೋಗಿ ಅವನನ್ನು ಅಂಗಳಕ್ಕೆ ಕರೆತನ್ನಿರಿ. ನಿಮ್ಮೊಡನೆ ನಾವೂ ಬರುತ್ತೇವೆ.